ನೋವರಿಯದ ಕೈಗೆ ದಪ್ಪ ಹಿಡಿ

ತೋವಿನಕೆರೆಯ ಹೊಲದಲ್ಲಿ ರಾಗಿ ಕೊಯ್ಯುವವರು ಅಂಗೈ ನೊಂದೊಡನೆ ಕುಡುಗೋಲಿನ ಹಿಡಿತವನ್ನು ಬದಲಿಸುತ್ತಾರೆ. ಕುಷ್ಠದಿಂದ ನರಗಳು ಕೆಟ್ಟವರಿಗಾದರೋ ಆ ನೋವೇ ಇಲ್ಲ. ಚರ್ಮ ಹರಿದರೂ ಬಿಗಿಹಿಡಿದೇ ಇರುತ್ತಾರೆ. ಬೆರಳುಗಳು ನಷ್ಟವಾಗುವುದು ಬಹುಪಾಲು ಇಂತಹ ಅರಿಯದ ಗಾಯಗಳಿಂದಲೇ ಎಂಬುದನ್ನು ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ನಡೆಸಿದ ಸಂಶೋಧನೆ ತೋರಿಸಿಕೊಟ್ಟಿತು. ಅವರು ಸ್ನಾಯುರಜ್ಜುಗಳನ್ನು ಬೇರೆಡೆಗೆ ಜೋಡಿಸಿ ಮಡಿಚಿದ ಬೆರಳುಗಳನ್ನು ನೇರಗೊಳಿಸಿದರು. ರೋಗಿಗಳಿಗೆ ಮರಗೆಲಸವನ್ನೂ ಕಲಿಸುವ ಏರ್ಪಾಡು ಮಾಡಿದರು.

ಇಂತಹ ಕೈಗಳಿಗೆ ಉಪಕರಣದ ಹಿಡಿ ದಪ್ಪವಾಗಿರಬೇಕು. ಏಕೆ? ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಲಬ್ಧ. 20 ನ್ಯೂಟನ್ ಬಲವು 2 ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 10 ನ್ಯೂಟನ್. 10 ಚದರ ಸೆಂಟಿಮೀಟರಿಗೆ ಹರಡಿದರೆ ಕೇವಲ 2. ಪರೀಕ್ಷೆಗೆಂದು ನಾವೆಲ್ಲ ಉರುಹೊಡೆದ ಸೂತ್ರವೇ ಇದು! ಆದರೂ ಸಂಜೆ ಅಂಗೈಯನ್ನು ಕಣ್ಣಾರೆ ಪರೀಕ್ಷಿಸಿಕೊಳ್ಳಬೇಕು. ಎಲ್ಲಿಯಾದರೂ ಕೆಂಪಾಗಿದ್ದರೆ ಮರುದಿನ ಆ ಕೈಗೆ ಬಿಡುವು.