ಹಗಲು ದೋಸೆ, ರಾತ್ರಿ ಗಿಟಾರ್: ಬೆರಳ ತುದಿಯೇ ಬಂಡವಾಳ!

ಗಿಟಾರ್ ನುಡಿಸುವವನನ್ನು ಗುರುತಿಸೋದು ಹೇಗೆ? ಉದ್ದ ಕೂದಲು, ಕಪ್ಪು ಅಂಗಿ, ರಾತ್ರಿಯಲ್ಲೂ ಕೂಲಿಂಗ್ ಗ್ಲಾಸು... ಇವೆಲ್ಲ ಸಿನಿಮಾದ ಗುರುತು, ಗೆಳೆಯರೇ! ಅಸಲಿ ಗುರುತು ಬೇಕಿದ್ದರೆ ಆಸಾಮಿಯ ಎಡಗೈ ಹಿಡಿದು ನಾಲ್ಕು ಬೆರಳಿನ ತುದಿ ಒತ್ತಿ ನೋಡಿ. ಹುಣಸೇಬೀಜದ ಹಾಗೆ ಗಟ್ಟಿಯಾಗಿದ್ದರೆ ಅವನು ದಿನಾ ನುಡಿಸುತ್ತಿದ್ದಾನೆ ಎಂದರ್ಥ. ಹತ್ತಿಯ ಹಾಗೆ ಮೆತ್ತಗಿದ್ದರೆ ಅವನ ಗಿಟಾರು ಗೋಡೆಯ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿದೆ!

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆ ಇಂಥ ಎಡಗೈಗಳು ಬೇಕಾದಷ್ಟಿವೆ. ಹಗಲು ಹೊಟ್ಟೆಪಾಡಿಗೆ ಒಂದು ಕೆಲಸ, ಸಂಜೆ ಆರ್ಕೆಸ್ಟ್ರಾ. ನಾನೂ ಆ ಬಳಗದವನೇ. ಪತ್ರಿಕೆಗಳಿಗೆ ಬರೆದು ಬಾಡಿಗೆ ಕಟ್ಟುತ್ತೇನೆ, ಸೀಸನ್ ಬಂದರೆ ಗಿಟಾರು ಹೆಗಲಿಗೇರಿಸುತ್ತೇನೆ. ನಮ್ಮ ಸೀಸನ್ ಯಾವುದು ಅಂತ ನಿಮಗೆ ಹೇಳಬೇಕಾಗಿಲ್ಲ. ರಾಮನವಮಿ, ಬೀದಿ ಬೀದಿಯ ಅಣ್ಣಮ್ಮ ದೇವಿ ಉತ್ಸವ, ಗಣೇಶನ ಪೆಂಡಾಲು, ಆಮೇಲೆ ರಾಜ್ಯೋತ್ಸವ. ನವೆಂಬರ್ 1ರ ರಾಜ್ಯೋತ್ಸವ ನಮ್ಮೂರಲ್ಲಿ ಡಿಸೆಂಬರಿನವರೆಗೂ ಎಳೆದುಕೊಂಡು ಹೋಗುತ್ತೆ, ಅದು ನಮ್ಮ ಪುಣ್ಯ! ಅದರಲ್ಲೂ 2021ರ ಅಕ್ಟೋಬರ್ 29ರಂದು ಅಪ್ಪು ನಮ್ಮನ್ನು ಅಗಲಿದ ಮೇಲೆ, ಅವರ ಹಾಡುಗಳಿಲ್ಲದೆ ವೇದಿಕೆಯಿಂದ ಇಳಿಯಲು ಜನ ಬಿಡುವುದಿಲ್ಲ.

ಕಷ್ಟ ಇರುವುದು ಒಂದು ಸೀಸನ್ನಿಗೂ ಇನ್ನೊಂದಕ್ಕೂ ನಡುವಿನ ಖಾಲಿ ತಿಂಗಳುಗಳಲ್ಲಿ. ಮೂರು ತಿಂಗಳು ಕೈಬಿಟ್ಟವನು ದಿಢೀರನೆ ವೇದಿಕೆ ಹತ್ತಿ ನಾಲ್ಕು ಗಂಟೆ ನುಡಿಸಿದರೆ ಏನಾಗುತ್ತೆ? ಮೊದಲ ರಾತ್ರಿ ಉರಿ. ಎರಡನೇ ರಾತ್ರಿ ನೀರುಗುಳ್ಳೆ. ಮೂರನೇ ರಾತ್ರಿ ಆರ್ಗನೈಸರ್ ಮಹಾಶಯ ಬಂದು, "ಗಿಟಾರ್ ಯಾಕ್ ಗುರೂ, ಕೀಬೋರ್ಡಲ್ಲೇ ಆ ಸೌಂಡ್ ಬರತ್ತಲ್ಲ?" ಅಂತಾನೆ! ಅಲ್ಲಿಗೆ ಒಂದು ಸೀಟು ಹೋಯಿತು. ಒಮ್ಮೆ ಹೋದ ಸೀಟು ಮುಂದಿನ ವರ್ಷ ತಾನಾಗಿ ವಾಪಸ್ ಬರುವುದಿಲ್ಲ. ಈ ಜಡ್ಡುಗಟ್ಟಿದ ಚರ್ಮದ ಮೇಲೆ ನಮ್ಮಂಥವರ ಸಂಪಾದನೆ ನಿಂತಿದೆ ಅಂದರೆ ಉತ್ಪ್ರೇಕ್ಷೆಯಲ್ಲ.

ಜಡ್ಡು ಅನ್ನೋದು ರೋಗವಲ್ಲ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು ವಿಜ್ಞಾನ ಹೇಳುತ್ತಾನಾ ಅಂತ ನಗಬೇಡಿ, ಇದು ಬೆರಳೇ ಕಲಿಸಿದ ಪಾಠ. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಒತ್ತಡ, ತಿಕ್ಕಾಟ ಬಿದ್ದರೆ ಚರ್ಮ ತನ್ನ ಹೊರಪದರವನ್ನು ದಪ್ಪ ಮಾಡಿಕೊಳ್ಳುತ್ತದೆ. ಆದರೆ ಹೊರಚರ್ಮ ಸತ್ತು ಉದುರಿ ಹೊಸದು ಬರುತ್ತಲೇ ಇರುತ್ತದೆ. ಹೆಚ್ಚು ಕಡಿಮೆ ಒಂದು ತಿಂಗಳಲ್ಲಿ ಪದರವೆಲ್ಲ ಹೊಸತು. ಒತ್ತಡ ನಿಂತರೆ ಬರುವ ಹೊಸ ಚರ್ಮ ಮಾಮೂಲಿ ತೆಳುವಿನದೇ. ಅಂದರೆ ಹೋದ ವರ್ಷ ಎಷ್ಟು ನುಡಿಸಿದ್ದೆ ಅನ್ನೋ ಲೆಕ್ಕ ಚರ್ಮಕ್ಕೆ ಬೇಡ. ಹೋದ ವಾರ ನುಡಿಸಿದ್ಯಾ? ಅಷ್ಟೇ ಅದರ ಪ್ರಶ್ನೆ!

ಭಾನುವಾರ ಒಂದೇ ದಿನ ಮೂರು ಗಂಟೆ ತಂತಿ ಎಳೆದು, ಆರು ದಿನ ಸುಮ್ಮನಿರುವವನಿಗೆ ಗುಳ್ಳೆ ಗ್ಯಾರಂಟಿ. ದಿನಾ ಹದಿನೈದು ನಿಮಿಷ ಹಿಡಿಯುವವನಿಗೆ ಜಡ್ಡು ಉಳಿಯುತ್ತೆ. ವಾರದ ಒಟ್ಟು ಲೆಕ್ಕ ಹಾಕಿ, ಎರಡನೆಯವನದ್ದು ಎರಡು ಗಂಟೆಯೂ ಆಗುವುದಿಲ್ಲ!

ದೋಸೆ ಹಾಕುವ ಕೈ

ನಮ್ಮ ತಂಡದ ರಿದಮ್ ಗಿಟಾರಿನ ಗೆಳೆಯ ಜಯನಗರದ ಒಂದು ದರ್ಶಿನಿಯಲ್ಲಿ ದೋಸೆ ಮಾಸ್ಟರು. ಹಿಂದೆ ಪುಟ್ಟಣ್ಣ ಚಿತ್ರಮಂದಿರ ಇದ್ದ ನಾಲ್ಕನೇ ಬ್ಲಾಕಿನ ಆಸುಪಾಸಿನಲ್ಲೇ ಅವನ ಕಾವಲಿ. ಬೆಳಗಿನ ಆರಕ್ಕೆ ನಿಂತರೆ ಮಧ್ಯಾಹ್ನದವರೆಗೆ ಕೈ ಆರುವುದೇ ಇಲ್ಲ. ನೀರು ಚಿಮುಕಿಸು, ಪೊರಕೆ ಆಡಿಸು, ಹಿಟ್ಟು ಹೊಯ್ಯಿ... ಒದ್ದೆ ಕೈ ಅಂದರೆ ಜಡ್ಡಿಗೆ ಯಮ! ನೀರು ಕುಡಿದು ಉಬ್ಬಿದ ಚರ್ಮಕ್ಕೆ ಉಕ್ಕಿನ ತಂತಿ ತಾಗಿದರೆ ಚಾಕು ಹಾಕಿದ ಹಾಗೆ ಸೀಳುತ್ತೆ. ಸ್ನಾನ ಮಾಡಿದ ಕೂಡಲೇ, ಪಾತ್ರೆ ತೊಳೆದ ಕೂಡಲೇ ಗಿಟಾರ್ ಮುಟ್ಟಬಾರದು ಅನ್ನುವುದು ಇದಕ್ಕೇ.

ಅವನು ಏನು ಮಾಡುತ್ತಾನೆ ಗೊತ್ತೇ? ಡ್ಯೂಟಿ ಮುಗಿದು ಕೈ ಒರೆಸಿಕೊಂಡ ಮೇಲೆ ಎರಡು ಗಂಟೆ ತಂತಿ ಮುಟ್ಟುವುದಿಲ್ಲ. ರಾತ್ರಿ ಊಟಕ್ಕೆ ಮೊದಲು ಇಪ್ಪತ್ತು ನಿಮಿಷ ನುಡಿಸುತ್ತಾನೆ, ಗಡಿಯಾರ ಇಟ್ಟುಕೊಂಡು. ತುದಿಯ ಜಡ್ಡು ಎದ್ದು ತಂತಿಗೆ ಸಿಕ್ಕಿಕೊಳ್ಳುವಂತಾದರೆ ಹಲ್ಲಿನಿಂದ ಕಿತ್ತುಕೊಳ್ಳುವುದಿಲ್ಲ (ನಮ್ಮಲ್ಲಿ ಅರ್ಧ ಜನಕ್ಕೆ ಆ ಚಟ!), ಉಗುರು ಉಜ್ಜುವ ಅರದಿಂದ ನಯ ಮಾಡಿಕೊಳ್ಳುತ್ತಾನೆ. ಎಡಗೈ ಉಗುರು ಸದಾ ಬುಡಕ್ಕೆ ಕತ್ತರಿಸಿರುತ್ತೆ. ಕೈಗೆ ಸ್ಪಿರಿಟ್ಟು ಹಚ್ಚುವವರನ್ನು, ಬಿರುಕಿಗೆ ಫೆವಿಕ್ವಿಕ್ ಸುರಿಯುವವರನ್ನು ಕಂಡರೆ ಅವನಿಗೆ ನಗು. "ಕಾವಲಿಗೆ ಎಣ್ಣೆ ಹಾಕ್ದಂಗೆ ಬೆರಳಿಗೆ ಏನೇನೋ ಹಾಕ್ಬಾರ್ದು ಮಗಾ" ಅಂತಾನೆ. ಸ್ಪಿರಿಟ್ಟು ಚರ್ಮ ಒಣಗಿಸಿ ಬಿರುಕು ಬಿಡಿಸುತ್ತೆ. ಅಂಟು ಅಂತೂ ಮೈಗೆ ಹಚ್ಚಲು ಮಾಡಿದ ವಸ್ತುವೇ ಅಲ್ಲ.

ಬಿ.ಟಿ.ಎಂ. ಲೇಔಟಿನ ಇನ್ನೊಬ್ಬ ಮಿತ್ರ 2025ರಲ್ಲಿ ಶುರುವಾದ ಹಳದಿ ಮೆಟ್ರೋದಲ್ಲಿ ಬೊಮ್ಮಸಂದ್ರದ ಫ್ಯಾಕ್ಟರಿಗೆ ಹೋಗುತ್ತಾನೆ. ದಾರಿಯುದ್ದಕ್ಕೂ ಎ.ಟಿ.ಎಂ. ಕಾರ್ಡಿನ ಅಂಚಿಗೆ ಬೆರಳ ತುದಿ ಒತ್ತುತ್ತಾ ಕೂರುತ್ತಾನೆ! ಚರ್ಮಕ್ಕೆ ಸ್ವಲ್ಪ ಉಪಕಾರ ಆದೀತು. ಕೈಚಳಕಕ್ಕೆ ಮಾತ್ರ ಅದು ಅಷ್ಟಕ್ಕಷ್ಟೇ ಅಂತ ನನ್ನ ಅಭಿಪ್ರಾಯ.

ಬೆರಳಿನ ತುದಿ ಹೋದರೆ ಗಿಟಾರಿಗನ ಕಥೆ ಮುಗಿಯಿತಾ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 1965ರಲ್ಲಿ, ಅದೂ ಕೆಲಸದ ಕಟ್ಟಕಡೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹಾರಿಹೋಯಿತು. ಎಡಚನಾದ್ದರಿಂದ ತಂತಿ ಒತ್ತುವ ಕೈ ಅದೇ! ಮೂಲೆ ಹಿಡಿದು ಕೂತವನಿಗೆ ಕಾರ್ಖಾನೆಯ ಮೇಲಿನವನೊಬ್ಬ ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡು ಕೇಳಿಸಿದ. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೊಟ್ಟಗಾದ ಮೇಲೆ, ಉಳಿದೆರಡು ಬೆರಳಲ್ಲೇ ಜಗತ್ತನ್ನು ಬೆರಗುಗೊಳಿಸಿದ ಪುಣ್ಯಾತ್ಮ ಆತ. ಕೇಳಿದ ಹುಡುಗ ಎದ್ದು ಕೂತ. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತುದಿಗೆ ಚರ್ಮ ಅಂಟಿಸಿದ, ತೆಳು ತಂತಿ ಹಾಕಿದ. ಮುಂದೆ 1968ರಲ್ಲಿ ಹುಟ್ಟಿದ ತಂಡವೇ 'ಬ್ಲ್ಯಾಕ್ ಸಬ್ಬತ್'!

ಆ ತೆಳು ತಂತಿಯಲ್ಲಿ ನಮಗೂ ಪಾಠವಿದೆ. ಮಾಮೂಲಿ ಅಕೂಸ್ಟಿಕ್ ಗಿಟಾರಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ.! ಮೊದಲ ತಂತಿ 12ರ ಬದಲು 10ರದ್ದು ಹಾಕಿದರೆ ಅದರ ಎಳೆತ ಶೇಕಡಾ 30ರಷ್ಟು ಇಳಿಯುತ್ತದೆ. ಎಲ್ಲ ತಂತಿಯನ್ನೂ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿದರೆ ಇನ್ನೊಂದು ಶೇಕಡಾ 11 ಉಳಿತಾಯ. ಹನ್ನೆರಡನೇ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರಕ್ಕಿದೆ ನೋಡಿ. ಎರಡು, ಎರಡೂವರೆ ಮಿಲಿಮೀಟರಿಗಿಂತ ಬಹಳ ಮೇಲಿದ್ದರೆ ತಪ್ಪು ನಿಮ್ಮ ಬೆರಳಿನದ್ದಲ್ಲ, ವಾದ್ಯದ್ದು. ರಿಪೇರಿಯವರ ಹತ್ತಿರ ಇಳಿಸಿಕೊಳ್ಳಿ. ಇದನ್ನು ಗಂಡಸುತನದ ಪ್ರಶ್ನೆ ಮಾಡಿಕೊಂಡು ದಪ್ಪ ತಂತಿ ಹಾಕಿ ರಕ್ತ ಸುರಿಸುವ ಹುಡುಗರನ್ನು ನೋಡಿದ್ದೇನೆ. ಯಾರಿಗೆ ಬೇಕ್ರೀ ಆ ರಕ್ತ?

ಚರ್ಮ ಉಳಿದರೂ ಕೈ ಮರೆಯುತ್ತೆ!

ಹೌದು, ಚರ್ಮ ಒಂದೇ ಸಾಲದು. ವೇದಿಕೆಯ ಮೇಲೆ ಗಾಯಕ ಮಹಾಶಯ ಹಿಂದೆ ತಿರುಗಿ, "ಅಣ್ಣಾ, ಗಂಟಲು ಕಟ್ಟಿದೆ, ಅರ್ಧ ಇಳಿಸಿ" ಅಂದಾಗ ಇಡೀ ಹಾಡಿನ ಕಾರ್ಡುಗಳು ಬದಲಾಗಬೇಕು. ಒಂದೇ ಬೆರಳಲ್ಲಿ ಆರೂ ತಂತಿ ಒತ್ತಿ ಹಿಡಿಯುವ 'ಬಾರ್' ಕಾರ್ಡು ಬಾರದವನು ಅಲ್ಲೇ ಬೆವರುತ್ತಾನೆ. ಇದಕ್ಕೆ ನಾನು ಮಾಡುವ ಕಸರತ್ತು: ಎ ಮೈನರ್‌ನಿಂದ ಎಫ್‌ಗೆ, ಎಫ್‌ನಿಂದ ಎ ಮೈನರ್‌ಗೆ ಒಂದು ನಿಮಿಷದಲ್ಲಿ ಎಷ್ಟು ಸಲ ಶುದ್ಧವಾಗಿ ಬದಲಾಯಿಸಬಲ್ಲೆ ಅಂತ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುವುದು. ಸಂಖ್ಯೆ ಇಳಿದರೆ ಕೈ ತುಕ್ಕು ಹಿಡಿಯುತ್ತಿದೆ ಅಂತ ಆ ದಿನವೇ ತಿಳಿಯುತ್ತೆ. ಎರಡನೆಯದು, ಒತ್ತಡ ಕಡಿಮೆ ಮಾಡುವ ಅಭ್ಯಾಸ. ಫ್ರೆಟ್ಟಿನ ಪಕ್ಕದಲ್ಲೇ ಬೆರಳಿಟ್ಟು, ಮೊದಲು ಸುಮ್ಮನೆ ಮುಟ್ಟಿ, ನಿಧಾನವಾಗಿ ಒತ್ತುತ್ತಾ ಹೋಗಿ. ಜಿರ್ ಅನ್ನೋದು ನಿಂತು ಸ್ವರ ಬಂತಲ್ಲ, ಅಷ್ಟೇ ಸಾಕು. ಬಹಳ ಜನ ಅದರ ಎರಡರಷ್ಟು ಒತ್ತಿ ಮಣಿಕಟ್ಟು ನೋಯಿಸಿಕೊಳ್ಳುತ್ತಾರೆ. ಬೆರಳು ಜೋಮು ಹಿಡಿಯುವುದು, ಮಣಿಕಟ್ಟಿನಲ್ಲಿ ಚುಳುಕು... ಇವು ಜಡ್ಡಿನ ಲಕ್ಷಣವಲ್ಲ ಸ್ವಾಮೀ, ಡಾಕ್ಟರ ಹತ್ತಿರ ಹೋಗಿ!

ಬಾಡಿಗೆ ರೂಮಿನಲ್ಲಿ ಅಭ್ಯಾಸ ಅಂದರೆ ಓನರಮ್ಮನ ಕಾಟ ಇದ್ದದ್ದೇ. "ಏನಪ್ಪಾ, ನಿನ್ನ ಟಿಂಗ್ ಟಿಂಗ್ ಇನ್ನೂ ಮುಗೀಲಿಲ್ವಾ? ಬೆಳಗ್ಗೆ ಮಗೂಗೆ ಪರೀಕ್ಷೆ!" ಅಂತ ಬನಶಂಕರಿಯ ನಮ್ಮ ಓನರಮ್ಮ ಕೂಗಿದಾಗಲೆಲ್ಲ ನಾನು ಬ್ರಿಡ್ಜಿನ ಹತ್ತಿರ ತಂತಿಯ ಕೆಳಗೆ ಕರ್ಚೀಫು ತುರುಕುತ್ತೇನೆ. ಸದ್ದು ಅಡಗುತ್ತೆ, ಬೆರಳಿನ ಕೆಲಸ ನಡೆಯುತ್ತೆ.

ಅರೆಕಾಲಿಕ ಅಂದರೆ ಅರೆಬರೆ ಅನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. 'ಮುಂಗಾರು ಮಳೆ' (2006) ಚಿತ್ರಕ್ಕೆ ಸ್ವರ ಹಾಕಿದ ಮನೋಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನೋಡಿಕೊಂಡೇ ಹಾಡು ಕಟ್ಟಿದವರು. 'ಬಂಗಾರದ ಮನುಷ್ಯ' (1972) ಖ್ಯಾತಿಯ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರ್ ನುಡಿಸುತ್ತಾ, ಸಹಾಯಕನಾಗಿ ದುಡಿದ ಯುವಕನ ಹೆಸರು ಇಳಯರಾಜ! ಅವರೇ ಮುಂದೆ 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ'ಕ್ಕೆ ಸಂಗೀತ ಕೊಟ್ಟರು. ಜೆ.ಪಿ. ನಗರದಲ್ಲಿ ಶಂಕರಣ್ಣನ ನೆನಪಿಗೆ 2004ರಲ್ಲಿ ತೆರೆದ ರಂಗಶಂಕರದ ಮುಂದೆ ಹಾದುಹೋಗುವಾಗ ನಮ್ಮ ದೋಸೆ ಮಾಸ್ಟರು ಸ್ಕೂಟರಿನ ವೇಗ ಇಳಿಸುತ್ತಾನೆ. 'ಗೀತಾ' ಹಾಡುಗಳನ್ನು ಕೇಳದ ಆರ್ಕೆಸ್ಟ್ರಾ ಜನ ಇನ್ನೂ ಹುಟ್ಟಿಲ್ಲ, ನಮ್ಮ ಲಿಸ್ಟಿನಲ್ಲಿ ಅವು ಯಾವಾಗಲೂ ಕೊನೆಯ ಅರ್ಧ ಗಂಟೆಗೇ ಬರೋದು. ಆ ಹೊತ್ತಿಗೆ ಬೆರಳಲ್ಲಿ ಜೀವ ಉಳಿದಿರಬೇಕಲ್ಲ!

ಅದಕ್ಕೇ ಪ್ರೋಗ್ರಾಮು ಗೊತ್ತಾದ ದಿನದಿಂದ ನಮ್ಮ ಲೆಕ್ಕ ಹಿಂದಕ್ಕೆ ನಡೆಯುತ್ತದೆ. ನಾಲ್ಕು ವಾರ ಮೊದಲು ದಿನಕ್ಕೆ ಹದಿನೈದು ನಿಮಿಷ, ಎರಡು ವಾರ ಇರುವಾಗ ಅರ್ಧ ಗಂಟೆ, ಕೊನೆಯ ವಾರ ನಿಂತುಕೊಂಡು, ಬೆಲ್ಟು ಹಾಕಿಕೊಂಡು, ಇಡೀ ಲಿಸ್ಟು. ಹೊಸ ತಂತಿ ಮೂರು ದಿನ ಮೊದಲೇ ಹಾಕಬೇಕು. ಅದೇ ದಿನ ಹಾಕಿದರೆ ಶ್ರುತಿ ನಿಲ್ಲದೆ ಮಾನ ಹೋಗುತ್ತೆ. ಹಿಂದಿನ ದಿನ ಪೂರ್ತಿ ವಿಶ್ರಾಂತಿ. ನುಡಿಸಿ ಮುಗಿಸಿದ ಮೇಲೆ ಒಣಬಟ್ಟೆಯಿಂದ ತಂತಿ ಒರೆಸಿಡಿ, ಬೆವರಿನ ಉಪ್ಪಿಗೆ ತುಕ್ಕು ಹಿಡಿದ ತಂತಿ ಜಡ್ಡನ್ನು ಅರದಂತೆ ತೇಯುತ್ತೆ. ಒರೆಸಲು ಹಳೇ ಬನಿಯನ್ ಸಾಕು.