ಕೈಮುಗಿದ ಬೇಟೆಗಾರನಿಗೆ ಸರ್ಕಾರಿ ಮರ್ಯಾದೆ

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ಕಡೆ ಒಳ್ಳೆಯ ಮಳೆ ಬಿದ್ದು ಶೇಂಗಾ ಹೂಬಿಟ್ಟಾಗ ಹೊಲದ ಬದುವಿನಲ್ಲಿ ತಾಳ್ಮೆಯಿಂದ ಹುಡುಕಿದರೆ, ಮುಂಗಾಲೆರಡನ್ನೂ ಎದೆಗೆ ಮಡಚಿ ಅಲುಗಾಡದೆ ಕುಳಿತ ಹಸಿರು ಕೀಟವೊಂದು ಕಂಡೀತು. ಕೈಮುಗಿದು ಪ್ರಾರ್ಥಿಸುವಂತೆ ತೋರುವ ಇದೇ ಮ್ಯಾಂಟಿಸ್. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಕಣಿ ಹೇಳುವವನು ಎಂದರ್ಥ. ಆದರೆ ಆ ಮುಂಗಾಲುಗಳ ಗರಗಸದಂಥ ಮುಳ್ಳುಗಳನ್ನು ನೋಡಿದರೆ, ಭಕ್ತಿ ಯಾವ ಬಗೆಯದೆಂದು ತಿಳಿಯುತ್ತದೆ!

ಅಮೆರಿಕದ ಕನೆಕ್ಟಿಕಟ್ 1977ರಲ್ಲಿ ಇದನ್ನು ತನ್ನ ರಾಜ್ಯ ಕೀಟವೆಂದು ಸಾರಿತು. ತಮಾಷೆಯೆಂದರೆ ಅದು ಆರಿಸಿಕೊಂಡ ಜಾತಿ ಅಲ್ಲಿಯದಲ್ಲ, ಯೂರೋಪಿನಿಂದ ಬಂದದ್ದು. ಸೌತ್ ಕ್ಯಾರೊಲಿನಾ 1988ರಲ್ಲಿ ತನ್ನ ನೆಲದ ಮ್ಯಾಂಟಿಸ್‌ಗೇ ಪಟ್ಟ ಕಟ್ಟಿತು. ಮ್ಯಾಂಟಿಸ್ ಕೊಂದರೆ ದಂಡ ತೆರಬೇಕೆಂಬ ಮಾತು ಆ ದೇಶದಲ್ಲಿ ಬಹುಕಾಲದಿಂದಿದೆ. ಅದು ಬರೀ ವದಂತಿ.

ಕರ್ನಾಟಕಕ್ಕೆ ಆನೆ, ನೀಲಕಂಠ, ಶ್ರೀಗಂಧ, ತಾವರೆಗಳ ಜೊತೆಗೆ ಕೀಟಕುಲದ ಲಾಂಛನವೂ ಇದೆ: ಸದರ್ನ್ ಬರ್ಡ್‌ವಿಂಗ್ ಚಿಟ್ಟೆ. 2015ರಲ್ಲಿ ಬ್ಲೂ ಮಾರ್ಮನ್ ಚಿಟ್ಟೆಯನ್ನು ಆರಿಸಿ ಮಹಾರಾಷ್ಟ್ರ ದಾರಿ ತೋರಿದ ಮೇಲೆ ಇದರ ಸರದಿ ಬಂತು. ಪಶ್ಚಿಮಘಟ್ಟದ ಈ ಚೆಲುವೆಯನ್ನು ದೇವಸಮುದ್ರದ ಮಕ್ಕಳು ಚಿತ್ರದಲ್ಲೇ ನೋಡಬೇಕು. ನೀಲಕಂಠವಾದರೆ ತಂತಿಯ ಮೇಲೆ ಕುಳಿತು ಹೊಲ ಕಾಯುವ ಹಕ್ಕಿ. ಮ್ಯಾಂಟಿಸ್ ಸಿಕ್ಕರೆ ಅದು ಬಿಡುವುದಿಲ್ಲ.

ಮ್ಯಾಂಟಿಸ್ ರೈತನ ಮಿತ್ರನೇ? ಪೂರ್ತಿ ಹೌದೆನ್ನಲಾಗದು. ಮಿಡತೆ, ಪತಂಗ, ಹುಳುಗಳನ್ನು ಹಿಡಿದು ತಿನ್ನುತ್ತದೆ, ಹಾಗೆಯೇ ಜೇನ್ನೊಣವನ್ನೂ. ಅದಕ್ಕೆ ಭೇದವಿಲ್ಲ. ಔಷಧಿಗೂ ಭೇದವಿಲ್ಲ. ಶೇಂಗಾಕ್ಕೆ ಸಿಂಪಡಿಸಿದ ವಿಷ ಬೆಳೆ ತಿನ್ನುವವರನ್ನೂ ಅವರನ್ನು ತಿನ್ನುವವರನ್ನೂ ಒಟ್ಟಿಗೆ ಕೊಲ್ಲುತ್ತದೆ. ಬೇಗ ಬೇಗ ಸಂತಾನ ಬೆಳೆಸುವ ಪೀಡೆಹುಳು ಮತ್ತೆ ಹೊಲ ತುಂಬುತ್ತದೆ, ಬೇಟೆಗಾರ ಹಿಂದೆ ಬೀಳುತ್ತಾನೆ. ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕ ಬರೆಸಿದ ಶಾಸನ, ತಂದೆತಾಯಿಗೆ ವಿಧೇಯರಾಗಿ ಎನ್ನುವುದರ ಜೊತೆಗೇ ಜೀವಿಗಳಲ್ಲಿ ದಯೆಯಿರಲಿ ಎಂದೂ ಹೇಳುತ್ತದೆ. ಬದು ಸವರುವವರಿಗೆ ಅದು ನೆನಪಾಗುವುದು ಕಷ್ಟ.

ಒಣಕಡ್ಡಿಗೆ ಅಂಟಿದ, ನೊರೆ ಗಟ್ಟಿಯಾದಂಥ ಕಂದುಬಣ್ಣದ ಗಂಟು ಕಂಡರೆ ಅದು ಮ್ಯಾಂಟಿಸ್‌ನ ಮೊಟ್ಟೆಗೂಡು; ಒಳಗೆ ಹತ್ತಾರು, ಕೆಲವೊಮ್ಮೆ ನೂರಾರು ಮರಿಗಳಿರಬಹುದು. ಶಾಲೆಯಲ್ಲಿ ತೋರಿಸುವ ಆಸೆಯಿದ್ದರೆ ಕಡ್ಡಿಯ ಸಮೇತ ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಮರಿಗಳು ಹೊರಬಂದ ದಿನವೇ ಗಿಡಗಳ ನಡುವೆ ಬಿಟ್ಟುಬಿಡಬೇಕು. ತಡಮಾಡಿದರೆ ಒಡಹುಟ್ಟಿದವರನ್ನೇ ತಿನ್ನಲು ಶುರುಮಾಡುತ್ತವೆ.