ಹಾಡಲ್ಲಿ ಮುಗಿಯದ ಓಟ!

ಸಿನಿಮಾದಲ್ಲಿ ಹೀರೋ ತಯಾರಾಗೋಕೆ ಎಷ್ಟು ಹೊತ್ತು ಬೇಕು? ಒಂದು ಹಾಡು! ಪಲ್ಲವಿಯಲ್ಲಿ ಮುಗ್ಗರಿಸುತ್ತಾನೆ, ಮೊದಲ ಚರಣದಲ್ಲಿ ದಂಡ ಹೊಡೆಯುತ್ತಾನೆ, ಎರಡನೇ ಚರಣ ಮುಗಿಯುವಷ್ಟರಲ್ಲಿ ಬೆಟ್ಟದ ತುದಿಯಲ್ಲಿ ನಿಂತು ಕೈ ಎತ್ತುತ್ತಾನೆ. ಮಧುಗಿರಿ ತಾಲ್ಲೂಕು ಪುರವರದ ಈ ಬಡಪಾಯಿಗೆ ಬೇಕಾದದ್ದು ಬರೋಬ್ಬರಿ ಆರು ತಿಂಗಳು. ಅದರಲ್ಲಿ ಮೊದಲನೇ ತಿಂಗಳು ಹೋದದ್ದು ಓಡೋಕಲ್ಲ, ಅವ್ವನ್ನ ಒಪ್ಪಿಸೋಕೆ!

ಕಾರಣ ನಿಮಗೆ ಗೊತ್ತಿರೋದೇ. 2021ರ ಅಕ್ಟೋಬರ್ 29. ಅಪ್ಪು ನಮ್ಮನ್ನು ಬಿಟ್ಟು ಹೋದ ದಿನ. ಬರೀ 46 ವರ್ಷ. ಕುಣಿತ, ಜಿಗಿತ, ಫೈಟು... ಮೈಯಲ್ಲಿ ಸ್ಪ್ರಿಂಗ್ ಇಟ್ಟುಕೊಂಡಂತಿದ್ದ ಮನುಷ್ಯ! ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎದೆ ತೋರಿಸೋಕೆ ಜನ ಮುಗಿಬಿದ್ದರು. ಜಿಮ್ಮಿಗೆ ಹೋಗೋ ಹುಡುಗರ ಮನೆಗಳಲ್ಲೆಲ್ಲ ಜಗಳ. ನಮ್ಮಲ್ಲಂತೂ ಕೇಳಬೇಡಿ. ನಮ್ಮಪ್ಪ ಹೋದದ್ದೂ ಎದೆನೋವಿಂದಲೇ.

"ಅಂಥೋರ ಎದೆನೇ ನಿಂತೋಯ್ತು. ನೀನು ಓಡಬ್ಯಾಡ ಕಣಪ್ಪ" ಅಂದಳು ಅವ್ವ.

ನಾನೋ, ಕಂಠೀರವ ಕ್ರೀಡಾಂಗಣದ ಕ್ಯೂನಲ್ಲಿ ನಿಂತು ಅಪ್ಪುವನ್ನು ಕೊನೇ ಸಲ ನೋಡಿ ಬಂದವನು. 2014ರಲ್ಲಿ ಶುರುವಾದ ಬೆಂಗಳೂರು ಮ್ಯಾರಥಾನ್ ಹೊರಡುವುದೂ ಅದೇ ಕಂಠೀರವದಿಂದ ಅಂತ ಯಾರೋ ಹೇಳಿದರು. ತಲೆಗೆ ಹುಳ ಬಿಟ್ಟ ಹಾಗಾಯ್ತು. ಆ ಗೇಟಿನಲ್ಲಿ ಇನ್ನೊಂದು ಸಲ ಕಾಲಿಡಬೇಕು, ಅಳ್ತಾ ಅಲ್ಲ, ಓಡ್ತಾ!

ಓಡಿದೆನಾ? ಓಡಿದೆ. ಐದು ಗಂಟೆ ಹತ್ತು ನಿಮಿಷ. ಮೆಡಲ್ ಅವ್ವನ ಟ್ರಂಕಿನಲ್ಲಿದೆ. ಅದನ್ನು ಬಿಡಿ, ಅದಕ್ಕಿಂತ ಮುಂಚಿನದು ಕೇಳಿ.

ಡಾಕ್ಟರ ಡೈಲಾಗು

ಮೊದಲು ಮಧುಗಿರಿಯ ಡಾಕ್ಟರ ಹತ್ತಿರ ಅವ್ವನನ್ನೂ ಕರೆದುಕೊಂಡು ಹೋದೆ. ಅಪ್ಪನ ವಿಷಯ ಕೇಳಿ ಅವರು ಇಸಿಜಿ ಸಾಲದು ಅಂದರು. ತುಮಕೂರಿಗೆ ಕಳಿಸಿ ಎಕೋ, ಟ್ರೆಡ್‌ಮಿಲ್ ಎರಡೂ ಮಾಡಿಸಿದರು. ವರದಿ ನೋಡಿ, "ಓಡಪ್ಪ. ಆದರೆ ರೂಢಿಯಿಲ್ಲದ ಮೈಯನ್ನು ಏಕಾಏಕಿ ದಂಡಿಸಬೇಡ. ಎದೆ ಬಿಗಿದರೆ, ತಲೆ ಸುತ್ತಿದರೆ ಗ್ಯಾಸು ಅಂತ ಸುಮ್ಮನಾಗಬೇಡ, ನಿಲ್ಲಿಸಿ ಬಾ" ಅಂದರು. ಅವ್ವ ಕೇಳಿಸಿಕೊಂಡಳು. ಒಪ್ಪಿದಳು ಅಂತೇನಲ್ಲ, ಸುಮ್ಮನಾದಳು.

ನಾನು ಮಾತು ಕೇಳಿದೆನಾ? ಮೊದಲ ದಿನವೇ ಕೃಷ್ಣಮೃಗದ ಹಾಗೆ ಹಾರಿದೆ! ನಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಅವುಗಳಿಗೆ ಮೀಸಲಿಟ್ಟಿದ್ದಾರೆ, ಹೋಗಿ ನೋಡಿ. ಅವು ಹೆದರಿದಾಗ ಮಾತ್ರ ಹಾಗೆ ಹಾರೋದು, ಮಿಕ್ಕ ಹೊತ್ತು ತಲೆ ತಗ್ಗಿಸಿ ಮೇಯ್ತಿರ್ತವೆ. ಆ ಬುದ್ಧಿ ನನಗಿರಲಿಲ್ಲ. ಮೂರನೇ ವಾರಕ್ಕೆ ಮೊಣಕಾಲ ಕೆಳಗೆ ಮೂಳೆ ಉದ್ದಕ್ಕೂ ನೋವು. ಹತ್ತು ದಿನ ಮಂಚ!

ಆಮೇಲೆ ಬುದ್ಧಿ ಬಂತು. ಪಕ್ಕದವನ ಜತೆ ಮಾತಾಡುತ್ತ ಓಡುವಷ್ಟು ನಿಧಾನ. ವಾರಕ್ಕೆ ನಾಲ್ಕೇ ದಿನ. ಭಾನುವಾರ ಮಾತ್ರ ದೂರದ ಓಟ: 8, 10, 12... ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸೋದು. ಬೆಳಗಿನ ಬಸ್ಸಿನ ಕಂಡಕ್ಟರು ಸೀಟಿ ಊದಿ ನಿಲ್ಲಿಸಿ, "ಬಸ್ ತಪ್ಪೋಯ್ತಾ? ಹತ್ಕೊಳ್ಳಿ" ಅಂದರು. ರಾತ್ರಿಯೇ ಮೈಲಿಗಲ್ಲಿನ ಹಿಂದೆ ಉಪ್ಪು-ಬೆಲ್ಲದ ನೀರು ಬಚ್ಚಿಟ್ಟಿರುತ್ತಿದ್ದೆ. ಒಂದು ಸಲ ಕುರಿ ಕಾಯೋ ಹುಡುಗರು ಕುಡಿದು ಖಾಲಿ ಮಾಡಿ ಬಾಟ್ಲಿಯನ್ನು ಅಲ್ಲೇ ನೀಟಾಗಿ ನಿಲ್ಲಿಸಿದ್ದರು!

ಬರಿಗಾಲಿನ ರಾಜರು

ಶೂ ದುಬಾರಿ ಅಂತ ಗೊಣಗಿದಾಗೆಲ್ಲ ಇಬ್ಬರು ನೆನಪಾಗುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ ಇಥಿಯೋಪಿಯಾದ ಅಬೆಬೆ ಬಿಕಿಲ. ಡಸ್ಟಿನ್ ಹಾಫ್‌ಮನ್ನನ 'ಮ್ಯಾರಥಾನ್ ಮ್ಯಾನ್' (1976) ನೋಡಿದವರು ಬಿಕಿಲನ ಓಟದ ತುಣುಕನ್ನೂ ನೋಡಿರುತ್ತೀರಿ. ಇನ್ನೊಬ್ಬರು ನಮ್ಮವರೇ, ಶಿವನಾಥ್ ಸಿಂಗ್. ಬರಿಗಾಲ ಓಟಕ್ಕೆ ಹೆಸರಾದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 11ನೆಯವರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮುಗಿಸಿದರು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಭಾರತೀಯ ದಾಖಲೆ ಅಲುಗಿರಲಿಲ್ಲ. ಅವರ ಮೇಲೆ ಯಾರೂ ಯಾಕೆ ಒಂದು ಭರ್ಜರಿ ಚಿತ್ರ ತೆಗೆದಿಲ್ಲವೋ! (ನಿರ್ಮಾಪಕರೇ, ಕೇಳಿಸಿತಾ?)

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದರ ವಿಲನ್ ಬರೋದು 30 ದಾಟಿದ ಮೇಲೆ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚುಕಡಿಮೆ ಅಲ್ಲಿಗೆ ಬರಿದು. ಅವನ ಮುಖಪರಿಚಯಕ್ಕೆಂದೇ, ಬೆಂಗಳೂರಿಗೆ ಮೂರು ವಾರ ಇರುವಾಗ ಒಂದು ಭಾನುವಾರ 32 ಓಡಿದೆ. ಕತ್ತಲಲ್ಲಿ ಹೊರಟೆ. 27ರವರೆಗೆ ರಾಜ. 29ಕ್ಕೆ ಕಾಲು ಕಲ್ಲಾಯ್ತು. ಕಡಲೆಕಾಯಿ ಹೊಲದ ಬದುವಿನಲ್ಲಿ ಕೂತುಬಿಡೋಣ ಅನ್ನಿಸಿತು. ಎದೆ ಮುಟ್ಟಿ ನೋಡಿಕೊಂಡೆ: ನೋವಿಲ್ಲ, ಬರೀ ಸುಸ್ತು. ಬೆಲ್ಲ ಬಾಯಿಗೆ ಹಾಕಿಕೊಂಡು ನಡೆದೆ, ಮತ್ತೆ ಓಡಿದೆ.

ಊರು ಮುಟ್ಟಿದಾಗ ಬಿಸಿಲು ಏರಿತ್ತು. ಅವ್ವ ಬಾಗಿಲಲ್ಲೇ ಇದ್ದಳು. ಬೈತಾಳೆ ಅಂದುಕೊಂಡೆ. ಒದ್ದೆ ಬನಿಯನ್ ಮೇಲೆ ಎದೆಗೆ ಕೈಯಿಟ್ಟು ಒಂದಷ್ಟು ಹೊತ್ತು ಹಾಗೇ ನಿಂತಳು.

"ಸರಿಯಾಗಿ ಹೊಡ್ಕಂತೈತೆ" ಅಂದಳು. ಅಂಬಲಿ ಚೊಂಬು ಕೈಗಿಟ್ಟು ಹಸು ಬಿಚ್ಚೋಕೆ ಹೋದಳು.